ದಪ್ಪ ಪೈಪಿನ ಮುಚ್ಚಳ

ಏಪ್ರಿಲ್ 6, ಭಾನುವಾರ

ಇವತ್ತು ಫೋನಿನಲ್ಲಿ ಆಡಬಾರದ್ದೆಲ್ಲ ಆಡಿಬಿಟ್ಟೆ. ಆಡಿದ್ದಕ್ಕೆ ಬೇಜಾರಿಲ್ಲ, ಇನ್ನೂ ನಾಲ್ಕು ಸೇರಿಸಬಹುದಿತ್ತು ಅನ್ನುವುದೊಂದೇ ಬೇಜಾರು.

ಮಹಾನುಭಾವ ಫೋನ್ ಮಾಡಿದ್ದ. ಬೇರೆ ಊರಲ್ಲಿ ಬೇರೆಯವಳ ಜೊತೆ ಸಂಸಾರ ಹೂಡಿದವನನ್ನು ಗಂಡ ಅಂತ ಬರೆಯಲು ಪೆನ್ನು ಒಪ್ಪುವುದಿಲ್ಲ, ಅದಕ್ಕೇ ಈ ಹೆಸರು. ಬೇರೆಯಾದ ಕಾಗದಕ್ಕೆ ಇಬ್ಬರ ಸಹಿಯೂ ಬಿದ್ದಾಗಿದೆ. ಅವನ ಪಾಲಿಗೆ ಹೊಸ ಮನೆ, ಹೊಸ ಕಾರು. ನನ್ನ ಪಾಲಿಗೆ ಹಳೇ ಕಾರು ಮತ್ತು ಅವನ ಅಮ್ಮ. "ಅಮ್ಮ ಹೇಗಿದ್ದಾರೆ?" ಅಂದ, ಬಿಟ್ಟು ಹೋದ ಹೂಕುಂಡ ಒಣಗಿದೆಯೋ ಹೇಗೆ ಅನ್ನುವ ಧಾಟಿಯಲ್ಲಿ. ಮೈಯೆಲ್ಲಾ ಉರಿದುಹೋಯಿತು.

"ಹೇಗಿದ್ದಾರೆ ಅಂತ ಕೇಳೋದಲ್ಲ, ಬಂದು ಕರ್ಕೊಂಡು ಹೋಗು. ನಿನ್ನ ಅಮ್ಮನ್ನ ನೋಡ್ಕೊಳ್ತೀನಿ ಅಂತ ನಾನೇನು ಬರೆದುಕೊಟ್ಟಿದ್ದೀನಾ?"

"ನನಗೆ ರಜ ಇಲ್ಲ. ನೀನೇ ತಂದು ಬಿಡು. ಆದರೆ ಆ ಡಬ್ಬಾ ಕಾರಲ್ಲಿ ಬೇಡ. ಅದರ ಏಸಿ ಸತ್ತು ಎಷ್ಟು ಕಾಲ ಆಯ್ತು! ಡಾಕ್ಟರು ಬಿಸಿಲು ಬೇಡ ಅಂದಿಲ್ವಾ? ಮಳೆ ಬರಲಿ, ನೋಡೋಣ."

ಡಾಕ್ಟರು ಅಂದಿದ್ದು ನಿಜ. ಅತ್ತೆಯ ಹೃದಯ ಸೋತಿದೆ, ಬಿಸಿಗಾಳಿಯಲ್ಲಿ ಇಡೀ ದಿನದ ಪ್ರಯಾಣ ಕೂಡದು. ಬಸ್ಸು ರೈಲು ಹತ್ತಿ ಇಳಿಯುವ ಕಾಲೂ ಅವರಿಗಿಲ್ಲ. ಆದರೆ ಮಹಾನುಭಾವನ ಎಲ್ಲಾ ಕೆಲಸವೂ ಮಳೆ ಬಂದ ಮೇಲೆಯೇ. ಮಳೆ ಬಂದರೆ ಬಿಸಿಲು ಬಂದ ಮೇಲೆ.

"ಏಸಿ ನಾನೇ ರಿಪೇರಿ ಮಾಡ್ತೀನಿ. ತಣ್ಣಗೆ ಕರ್ಕೊಂಡು ಬಂದು ನಿನ್ನ ಗೇಟಿನ ಮುಂದೆ ಇಳಿಸ್ತೀನಿ, ಬಾಗಿಲು ತೆಗೆದಿಟ್ಟಿರು" ಅಂದೆ. ನಕ್ಕ. ಆ ನಗು ಕೇಳಿದ ಮೇಲೆ ಹಿಂದೆ ಸರಿಯುವ ಮಾತೇ ಇಲ್ಲ.

ಅತ್ತೆ ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದರು. ಎಲ್ಲಾ ಕೇಳಿಸಿರುತ್ತದೆ. "ಯಾವಾಗ ಹೊರಡೋದು?" ಅಂತಷ್ಟೇ ಕೇಳಿದರು. "ಕಾರು ತಣ್ಣಗಾದ ದಿನ" ಅಂದೆ. ಮಡಚಿದ ಟವೆಲನ್ನೇ ಮತ್ತೆ ಬಿಚ್ಚಿ ಮಡಚಿದರು.

ಏಪ್ರಿಲ್ 9, ಬುಧವಾರ

ಗ್ಯಾರೇಜಿನವನು ಬಾನೆಟ್ ಎತ್ತಿ ಮೂಗು ಮುರಿದ. "ಬೇಸಿಗೆ ಮುಗೀಲಿ ಮೇಡಂ, ಈಗ ಊರಿಗೂರೇ ಏಸಿ ಅಂತ ಸಾಲಲ್ಲಿ ನಿಂತಿದೆ." ಸರಿ, ನಾನೇನು ಕೈಲಾಗದವಳಾ? ಕನ್ನಡಕದ ಅಂಗಡಿಯಲ್ಲಿ ಗಾಜು ತೇಯ್ದು, ಸಾಸಿವೆಯಷ್ಟು ಸಣ್ಣ ತಿರುಪು ಕೂರಿಸಿ ಕೂದಲು ಹಣ್ಣಾಗಿದೆ ನನಗೆ.

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಲ್ಲಿಯವನಿಗೆ 'ಹಳೇಗಾಡಿ' ಅಂತ ಹೆಸರಿಟ್ಟಿದ್ದೇನೆ. ಏನು ಕೇಳಿದರೂ "ನೋಡಿ, ಹಳೇ ಗಾಡಿ..." ಅಂತಲೇ ಶುರು. ಗ್ಯಾಸಿನ ಡಬ್ಬ, ಮೀಟರು ಇರುವ ಪೈಪು ಕೊಟ್ಟ. "ನೋಡಿ, ಹಳೇ ಗಾಡಿ. ಏಸಿ ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗೋದಲ್ಲ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ. ಸಣ್ಣ ಸೋರಿಕೆ ಆದ್ರೆ ತುಂಬಿಸಿ, ಈ ಬೇಸಿಗೆ ದಾಟುತ್ತೆ." ಮಹಾನುಭಾವನೂ ವರ್ಷ ವರ್ಷ ತುಂಬಿಸಿಕೊಂಡೇ ಬರುತ್ತಿದ್ದ. ಎಲ್ಲಿ ಸೋರುತ್ತಿದೆ ಅಂತ ಹುಡುಕುವ ತಾಳ್ಮೆ ಯಾವತ್ತಿತ್ತು ಅವನಿಗೆ?

ಬಾನೆಟ್ ಕೆಳಗೆ ಏಸಿಯವು ಎರಡು ಪೈಪು, ಒಂದು ಸಣ್ಣದು, ಒಂದು ದಪ್ಪ. ಗ್ಯಾಸು ಹಾಕುವುದು ದಪ್ಪದ್ದಕ್ಕೆ. ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ತಿರುಗಿಸಿದರೆ ಒಳಗೆ ಸಣ್ಣ ವಾಲ್ವು, ಚಕ್ರಕ್ಕೆ ಗಾಳಿ ಹೊಡೆಯುವ ಕಡೆ ಇರುತ್ತದಲ್ಲ, ಅದೇ ಥರದ್ದು. ಇಷ್ಟಕ್ಕೆ ಗಂಡಸರು ಇಷ್ಟು ವರ್ಷ ಎಷ್ಟು ಮೆರೆದರು!

ಏಪ್ರಿಲ್ 13, ಭಾನುವಾರ

ಮೊದಲ ಯುದ್ಧ. ಸೋತೆ.

ಗ್ಯಾಸು ತುಂಬುವಾಗ ಎಂಜಿನ್ ಓಡುತ್ತಿರಬೇಕು, ಏಸಿ ಹಾಕಿರಬೇಕು, ಒಬ್ಬರು ಕೂತು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಿರಬೇಕು. ಮನೆಯಲ್ಲಿರುವ ಆ ಒಬ್ಬರು ಅಂದರೆ ಅತ್ತೆ. ಬಿಸಿಲೇರುವ ಮೊದಲೇ ಕಾಂಪೌಂಡ್ ಗೋಡೆಯ ನೆರಳಿನಲ್ಲಿ ಕಾರು ನಿಲ್ಲಿಸಿ, ಬೆನ್ನಿಗೆ ದಿಂಬು ಕೊಟ್ಟು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಹುಟ್ಟಿದಾಗಿನಿಂದ ಸ್ಟೀರಿಂಗ್ ಮುಟ್ಟದವರು ಎರಡೂ ಕೈಯಲ್ಲಿ ಹಿಡಿದುಕೊಂಡು, "ಎಲ್ಲಿಗೆ ಬಿಡ್ಲಿ ತಾಯಿ?" ಅಂದರು. ನಗು ಬಂತು, ತೋರಿಸಿಕೊಳ್ಳಲಿಲ್ಲ.

ಏಸಿ ಗುಂಡಿ ಒತ್ತಿ ಮುಂದೆ ಬಂದು, ಡಬ್ಬದ ಮೇಲೆ ಬರೆದಿದ್ದಂತೆ ಕೈಗವಸು ಹಾಕಿಕೊಂಡು ಪೈಪು ಸಿಕ್ಕಿಸಿದೆ. ಸ್ವಲ್ಪ ಗ್ಯಾಸು ಒಳಗೆ ಹೋಗುತ್ತಿದ್ದ ಹಾಗೆ ಮೀಟರಿನ ಮುಳ್ಳು ಹಸಿರು ದಾಟಿ ಕೆಂಪಿಗೆ ಹೋಗಿ ಕೂತಿತು. ಕೆಂಪು ಅಂದರೆ ಜಾಸ್ತಿಯಾಯಿತು ಅಂತ. ಜಾಸ್ತಿಯಾದರೆ ಕಂಪ್ರೆಸರ್ ಹಾಳು. ಗಾಬರಿಬಿದ್ದು ಡಬ್ಬ ಬಿಚ್ಚಿದೆ, ಅಂಗಡಿಯ ಸಣ್ಣ ಸ್ಕ್ರೂಡ್ರೈವರಿನಿಂದ ವಾಲ್ವಿನ ನಡುವಿನ ಕಡ್ಡಿ ಒತ್ತಿ ಹಿಡಿದೆ. ಸುಯ್ ಅಂತ ಬಿಳಿ ಹೊಗೆಯಂತೆ ಬಂತು. ಅತ್ತೆ ಕುತೂಹಲ ತಡೆಯಲಾರದೆ ಇಳಿದು ಬಂದು ಬಗ್ಗಿ ನೋಡಿದರು.

"ಇಷ್ಟೇನಾ? ಒತ್ತಿದ್ರೆ ಎಲ್ಲಾ ಹೋಗಿಬಿಡುತ್ತಾ?"

"ಹೋಗಿಬಿಡುತ್ತೆ. ನೀವ್ಯಾಕೆ ಇಳಿದ್ರಿ?"

ಒಳಗೆ ನೋಡಿದರೆ ಏಸಿ ಗುಂಡಿ ಆಫ್! "ಯಾರು ಆಫ್ ಮಾಡಿದ್ದು?"

"ನಾನೇ. ನಿಂತ ಗಾಡಿಗೆ ಏಸಿ ಯಾಕೆ?"

ಅಯ್ಯೋ ನನ್ನ ಕರ್ಮವೇ. ಇದು ಮಹಾನುಭಾವನ ಶಾಸನ. ಗಾಡಿ ನಿಂತರೆ ಸಾಕು, ಸಿಗ್ನಲ್ಲಾಗಲಿ ಗೇಟಾಗಲಿ, ಏಸಿ ಆಫ್ ಆಗಬೇಕು, ಪೆಟ್ರೋಲ್ ಕುಡಿಯುತ್ತದೆ. ಆಫ್ ಮಾಡದಿದ್ದರೆ ದಾರಿಯುದ್ದಕ್ಕೂ ಭಾಷಣ. ಈ ಮನೆಯವರ ಕೈಗೆಲ್ಲ ಆ ಚಟ ಅಂಟಿಬಿಟ್ಟಿದೆ, ನನ್ನ ಕೈಗೂ. ಏಸಿ ಆಫ್ ಇದ್ದರೆ ಗ್ಯಾಸು ಸುತ್ತುವುದಿಲ್ಲ, ಒಂದೇ ಕಡೆ ಒತ್ತಡ ಏರಿ ಮುಳ್ಳು ಕೆಂಪಿಗೆ ಹೋಗುತ್ತದೆ. ಜಾಸ್ತಿ ಆಗಿರಲೇ ಇಲ್ಲ. ಇದ್ದ ಗ್ಯಾಸನ್ನೂ ನನ್ನ ಕೈಯಾರೆ ಗಾಳಿಗೆ ಬಿಟ್ಟಿದ್ದೆ. ಬಾಯಿಗೆ ಬಂದ ಹಾಗೆ ಬೈದೆ. ಅವನನ್ನು ಬೈದದ್ದು, ಕೇಳಿಸಿಕೊಂಡವರು ಇವರು.

ಏಪ್ರಿಲ್ 15, ಮಂಗಳವಾರ

ತಣ್ಣಗಾಯಿತು! ಈ ಸಲ ಅತ್ತೆಯನ್ನು ವರಾಂಡದಲ್ಲಿ ಕೂರಿಸಿ, ಆಕ್ಸಿಲರೇಟರ್ ಮೇಲೆ ಇಟ್ಟಿಗೆ ಇಟ್ಟೆ. ಇಟ್ಟಿಗೆಗೆ ಯಾರ ಉಪದೇಶವೂ ನೆನಪಿರುವುದಿಲ್ಲ. ಮುಳ್ಳು ಹಸಿರಿನಲ್ಲೇ ನಿಂತಿತು, ಗಾಳಿ ಮಂಜಿನ ಹಾಗೆ ಬಂತು.

ಮಹಾನುಭಾವನಿಗೆ ಫೋನ್ ಮಾಡಿ ಭಾನುವಾರ ಬರುತ್ತೇವೆ ಅಂದೆ. "ನಿಜವಾಗ್ಲೂ?" ಅಂದ. ಆ ದನಿ ಕೇಳಿ ಹೊಟ್ಟೆ ತಣ್ಣಗಾಯಿತು.

ಅತ್ತೆ ಫೋನ್ ತೆಗೆದುಕೊಂಡು, "ಅಲ್ಲಿ ನನ್ನ ಕೋಣೆಗೆ ಕಿಟಕಿ ಇದೆಯೇನೋ?" ಅಂತ ಮಗನನ್ನು ಕೇಳಿದರು. ಇದೆ, ಆದರೆ ಮನೆಯೆಲ್ಲಾ ಏಸಿ, ತೆಗೆಯೋ ಹಾಗಿಲ್ಲ ಅಂದನಂತೆ. "ಆಯ್ತಪ್ಪಾ" ಅಂದರು. ನಾನು ಕಿಟಕಿ ಮುಚ್ಚಿದರೆ ಮಾತ್ರ ಉಸಿರು ಕಟ್ಟುತ್ತದೆ ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳುವವರು! ಮಗ ಅಂದರೆ ಆಯ್ತಪ್ಪಾ.

ಏಪ್ರಿಲ್ 20, ಭಾನುವಾರ

ಬ್ಯಾಗೆಲ್ಲ ಕಾರಿನಲ್ಲಿಟ್ಟು ಏಸಿ ಹಾಕಿದರೆ ಬಿಸಿ. ಒಲೆಯ ಬಾಯಿ ತೆರೆದ ಹಾಗೆ. ಪೈಪಿಗೆ ಮೀಟರು ಹಾಕಿದೆ, ಮುಳ್ಳು ಎದ್ದೇಳಲೇ ಇಲ್ಲ. ಹಾಕಿದ ಗ್ಯಾಸು ಒಂದು ತೊಟ್ಟೂ ಉಳಿದಿಲ್ಲ.

ಅವನಿಗೆ ತಿಳಿಸಬೇಕಾಯಿತು. "ನಾನು ಹೇಳಿರ್ಲಿಲ್ವಾ?" ಅಂದ. ಈ ಮಾತನ್ನು ಅವನ ಗೋರಿಯ ಮೇಲೆ ಕೆತ್ತಿಸಬೇಕು.

ಅತ್ತೆ ಮಾತ್ರ ಗೊಣಗದೆ ಬ್ಯಾಗು ಬಿಚ್ಚಿ ಬಟ್ಟೆಯೆಲ್ಲಾ ಮತ್ತೆ ಕಪಾಟಿನಲ್ಲಿ ಜೋಡಿಸಿದರು. ಏನೋ ಗುನುಗುತ್ತಿದ್ದರು ಕೂಡ. ನನಗೆ ತಲೆ ಚಿಟ್ಟು ಹಿಡಿದಿರುವಾಗ ಇವರಿಗೆ ಹಾಡು. ಟೀ ಮಾಡಿ ತಂದುಕೊಟ್ಟರು. ಸಕ್ಕರೆ ಸರಿಯಾಗಿತ್ತು, ಎಂದೂ ಇರುವುದಿಲ್ಲ.

ಏಪ್ರಿಲ್ 23, ಬುಧವಾರ

ಹಳೇಗಾಡಿ ಹೇಳಿಕೊಟ್ಟ ಹಾಗೆ ಸ್ವಲ್ಪ ಗ್ಯಾಸು ಒಳಗೆ ಬಿಟ್ಟು, ಪೈಪುಗಳು ಸೇರುವ ಕಡೆಯಲ್ಲೆಲ್ಲ ಸೋಪಿನ ನೀರು ಬಳಿದು ನೋಡಿದೆವು. ನನಗಿಂತ ಮೊದಲು ಅತ್ತೆಗೇ ಕಂಡದ್ದು. "ಅಲ್ಲಿ ನೋಡೇ, ಅಲ್ಲಿ, ಗುಳ್ಳೆ!" ರೇಡಿಯೇಟರಿನ ಮುಂದಿನ ಜಾಲರಿಗೆ ಪೈಪು ಸೇರುವಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಒಳಗಿನ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿದೆ. ಇಷ್ಟು ವರ್ಷ ಅವನು ಈ ಬಿರುಕಿನ ಮೇಲೆ ಗ್ಯಾಸು ಸುರಿಯುತ್ತಿದ್ದ.

ಇಷ್ಟು ಸಣ್ಣ ಸೋರಿಕೆಯಲ್ಲಿ ಎಲ್ಲವೂ ಐದೇ ದಿನದಲ್ಲಿ ಹೋಯಿತೇ ಅಂತ ಹಳೇಗಾಡಿಗೆ ಆಶ್ಚರ್ಯ. "ಹಳೇ ಗಾಡಿ ನೋಡಿ, ಹೇಳೋಕಾಗಲ್ಲ" ಅಂದ.

ಏಪ್ರಿಲ್ 27, ಭಾನುವಾರ

ರಿಂಗು ಬದಲಾಯಿಸಿದ್ದಾಯಿತು. ಪೈಪು ಬಿಚ್ಚಿದ್ದರಿಂದ ಒಳಗೆ ಗಾಳಿ, ತೇವ ಸೇರಿದೆ. ಅದನ್ನು ಎಳೆದು ತೆಗೆಯಲು ಫ್ರಿಜ್ ರಿಪೇರಿಯವನ ವ್ಯಾಕ್ಯೂಮ್ ಪಂಪು ಬೇಕು. ತರಬೇಕು. ಅವನ ಅಂಗಡಿ ಸ್ವಲ್ಪ ದೂರ. ನನ್ನ ಕೆಲಸದ ಜಾಗದ ಪಕ್ಕದ ಕಟ್ಟಡವೇ, ಆದರೂ ಅದನ್ನು ಹೊತ್ತು ತರುವುದು ಒಂದು ರೇಜಿಗೆ. ಬರುವ ವಾರ ನೋಡೋಣ, ಕಾರು ಎಲ್ಲಿಗೂ ಓಡಿಹೋಗುವುದಿಲ್ಲ.

ಅತ್ತೆ ಇವತ್ತು ಅವನ ಚಿಕ್ಕಂದಿನ ಕಥೆ ಹೇಳಿದರು. ಆಟದ ಸಾಮಾನು ಮುರಿದರೆ ಹಾಸಿಗೆಯ ಕೆಳಗೆ ತಳ್ಳಿ, ಹೊಸದಕ್ಕೆ ಹಠ ಹಿಡಿಯುತ್ತಿದ್ದನಂತೆ. "ನಾನೇ ಕೊಡಿಸ್ತಿದ್ದೆ, ನನಗೇ ಬುದ್ಧಿ ಇರ್ಲಿಲ್ಲ" ಅಂದರು. ಸಮಾಧಾನ ಹೇಳುವ ಮನಸ್ಸಾಗಲಿಲ್ಲ. ಇನ್ನೊಂದು ಲೋಟ ಟೀ ಮಾತ್ರ ಕೊಟ್ಟೆ.

ಮೇ 1, ಗುರುವಾರ

ರಜ. ಪಂಪು ತಂದೆ. ಅದು ಗುಂಯ್ ಅನ್ನುತ್ತಾ ಗಾಳಿ ಎಳೆಯುವಷ್ಟು ಹೊತ್ತು ಇಬ್ಬರೂ ವರಾಂಡದಲ್ಲಿ ಕೂತು ಅದನ್ನೇ ನೋಡಿದೆವು. ಆಮೇಲೆ ಗ್ಯಾಸು ತುಂಬಿದೆ. ಈ ಸಲ ಜೊತೆಗೆ ಬಣ್ಣವನ್ನೂ ಹಾಕಿದ್ದೇನೆ. ಸೋರಿಕೆ ಹಿಡಿಯುವ ಬಣ್ಣ ಅದು, ಬರಿಗಣ್ಣಿಗೆ ಎಣ್ಣೆಯ ಜಿಡ್ಡಿನ ಹಾಗೆ, ಕಂಡರೂ ಕಾಣದ ಹಾಗೆ. ಅದಕ್ಕೆಂದೇ ಇರುವ ನೀಲಿ ಟಾರ್ಚು ಬಿಟ್ಟರೆ ಹಚ್ಚ ಹಸಿರಾಗಿ ಹೊಳೆಯುತ್ತದೆ. ಹಳದಿ ಕನ್ನಡಕ ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತದಂತೆ. ಕನ್ನಡಕಕ್ಕೆ ನಮ್ಮಲ್ಲಿ ಬರವೇ? ಅಂಗಡಿಯಿಂದ ಎರಡು ತಂದೆ. ಅತ್ತೆ ತಮ್ಮದನ್ನು ಹಾಕಿಕೊಂಡು ಕನ್ನಡಿ ನೋಡಿ, "ಈಗ ನನಗೂ ಬೇರೆ ಗಂಡು ಸಿಗ್ತಾನೆ ಬಿಡು" ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ಮನೆಯಲ್ಲಿ ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಕಾರು ತಣ್ಣಗಾಗಿದೆ. ಭಾನುವಾರ ಹೊರಡುವುದು. ಅವನಿಗೆ ತಿಳಿಸಿದೆ.

ಮೇ 4, ಭಾನುವಾರ

ಮತ್ತೆ ಬಿಸಿ!

ಬಾನೆಟ್ ಎತ್ತಿ, ಮೇಲೆ ಕಂಬಳಿ ಹೊದ್ದು ಕತ್ತಲು ಮಾಡಿಕೊಂಡು ಟಾರ್ಚು ಬಿಟ್ಟೆ. ಹೊಸ ರಿಂಗಿನ ಹತ್ತಿರ ಒಂದು ಚುಕ್ಕೆಯೂ ಇಲ್ಲ. ಹಸಿರಿದ್ದದ್ದು ದಪ್ಪ ಪೈಪಿನ ಮುಚ್ಚಳದ ಹತ್ತಿರ, ಒಳಗೂ, ಹೊರಗೂ, ಸುತ್ತಲೂ ಚಿಮ್ಮಿದ ಹಾಗೆ. ಅಂದರೆ ವಾಲ್ವೇ ಸೋರುತ್ತಿದೆ. ಹೊರಗೆ ಇಷ್ಟು ಯಾಕೆ ಚಿಮ್ಮಿತೋ, ನಾನೇ ಮುಚ್ಚಳ ಸಡಿಲ ಬಿಟ್ಟಿರಬೇಕು. ಅಂತೂ ಕಳ್ಳ ಸಿಕ್ಕಿದ.

ಹೇಳಲು ಒಳಗೆ ಹೋದರೆ ಅತ್ತೆ ಹೆಬ್ಬೆರಳನ್ನು ನೀರಿನ ಲೋಟದಲ್ಲಿ ಅದ್ದಿಕೊಂಡು ಕೂತಿದ್ದಾರೆ. ತುದಿಯಲ್ಲಿ ಬಿಳಿಚಿದ ಗುಳ್ಳೆ. "ಟೀ ಪಾತ್ರೆ ತಗಲಿತು" ಅಂದರು. ಬೆಳಗ್ಗೆ ಟೀ ಮಾಡಿದ್ದು ನಾನು. ನಿನ್ನೆಯದ್ದಿರಬೇಕು, ಹೇಳಿರುವುದಿಲ್ಲ, ಇವರದು ಯಾವಾಗಲೂ ಇದೇ ಕಥೆ. "ನೋವಾದ್ರೆ ಬಾಯಿ ಬಿಟ್ಟು ಹೇಳೋಕೆ ಏನು ರೋಗ ನಿಮಗೆ?" ಅಂತ ಗದರಿ ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ. ಮಕ್ಕಳ ಹಾಗೆ ಕೈ ಚಾಚಿಕೊಂಡು ಕೂತಿದ್ದರು.

ಇವತ್ತೂ ಹೋಗಲಾಗಲಿಲ್ಲ. ಇಬ್ಬರೂ ಕಿಟಕಿ ತೆಗೆದಿಟ್ಟು ಮಧ್ಯಾಹ್ನ ಒಳ್ಳೆ ನಿದ್ದೆ ಮಾಡಿದೆವು.

ಮೇ 9, ಶುಕ್ರವಾರ

ಹೊಸ ವಾಲ್ವು ಹಾಕಿದೆ. ಮತ್ತೆ ಪಂಪು, ಮತ್ತೆ ಗ್ಯಾಸು. ಹಳೇಗಾಡಿ ಪ್ಲಾಸ್ಟಿಕ್ ಮುಚ್ಚಳದ ಬದಲು ಹಿತ್ತಾಳೆಯದ್ದು ಕೊಟ್ಟಿದ್ದಾನೆ, ಒಳಗೆ ರಬ್ಬರ್ ಬೇರೆ. ಸ್ಪ್ಯಾನರ್ ಹಾಕಿ ಬಿಗಿದೆ. "ನೋಡಿ ಅತ್ತೆ, ಇನ್ನು ವಾಲ್ವು ಸೋರಿದ್ರೂ ಗ್ಯಾಸು ಹೊರಗೆ ಹೋಗಲ್ಲ. ಕೈಯಲ್ಲಿ ಬಿಚ್ಚೋಕಂತೂ ಆಗೋದೇ ಇಲ್ಲ" ಅಂತ ಜಂಬ ಕೊಚ್ಚಿಕೊಂಡೆ.

ಬಟ್ಟೆ ಕಟ್ಟಿದ ಹೆಬ್ಬೆರಳು ಬಿಟ್ಟು ಉಳಿದ ಬೆರಳಲ್ಲಿ ಅವರೂ ಒಮ್ಮೆ ತಿರುಗಿಸಿ ನೋಡಿದರು. "ಹೂಂ, ಗಟ್ಟಿ ಇದೆ" ಅಂದರು. "ಜಾಣೆ ಕಣೆ ನೀನು" ಅಂದರು. ಹೊಗಳಿಕೆ ಅನ್ನುವುದು ಈ ಬಾಯಿಂದ ಬಂದದ್ದು ಇದೇ ಮೊದಲು. ಆಮೇಲೆ ಒಳಗೆ ಹೋಗಿ ಮಲಗಿದರು.

ಮೇ 10, ಶನಿವಾರ

ಕಾರು ತಣ್ಣಗೇ ಇದೆ. ಬೆಳಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ಸಂಜೆ ನೋಡಿದೆ. ತಣ್ಣಗೇ ಇದೆ, ದರಿದ್ರದ್ದು.

ಅತ್ತೆ ತಾವೇ ಬ್ಯಾಗು ತುಂಬಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೋಗಲ್ಲ ಅಂತ ಒಂದು ಮಾತು ಅಂದಿದ್ದರೆ ಹಾಳಾಗಿ ಹೋಗಲಿ, ಇರಿ ಅನ್ನುತ್ತಿದ್ದೆನೋ ಏನೋ. ಅನ್ನಲಿಲ್ಲ. ಮಗನ ಮನೆಗೆ ಹೋಗುವ ಉತ್ಸಾಹ ಅವರಿಗೆ. ನನಗೇನು? ನಾನಾಗಿ ಇರಿ ಅಂತ ಕಾಲು ಹಿಡಿಯಬೇಕಾ?

"ಹಳದಿ ಕನ್ನಡಕ ನಿನಗೇ ಇರ್ಲಿ, ಅಲ್ಲಿ ನನಗ್ಯಾಕೆ" ಅಂತ ಮೇಜಿನ ಮೇಲಿಟ್ಟರು.

ಮೇ 11, ಭಾನುವಾರ

ಬಿಟ್ಟು ಬಂದೆ.

ದಾರಿಯುದ್ದಕ್ಕೂ ಏಸಿ ಒಂದು ಸಲವೂ ಕೈಕೊಡಲಿಲ್ಲ. ಹೊರಗೆ ರಸ್ತೆ ಕುದಿಯುತ್ತಿತ್ತು, ಒಳಗೆ ಅತ್ತೆ ಶಾಲು ಹೊದ್ದು ಕೂತಿದ್ದರು. ಕಡಿಮೆ ಮಾಡಲಾ ಅಂದರೆ ಬೇಡ ಅಂದರು. ರೈಲ್ವೆ ಗೇಟಿನಲ್ಲಿ ನಿಂತಾಗ ಅವರ ಕೈ ತಾನಾಗಿ ಹೋಗಿ ಗುಂಡಿ ಆಫ್ ಮಾಡಿತು. ನಾನು ಆನ್ ಮಾಡಿದೆ. ರೈಲು ಬರುವುದು ತಡವಾಯಿತು. ಅವರು ಮತ್ತೆ ಆಫ್ ಮಾಡಿದರು. ಈ ಸಲ ಬಿಟ್ಟುಬಿಟ್ಟೆ. ಕಿಟಕಿ ಇಳಿಸಿ ಇಬ್ಬರೂ ಬೆವರುತ್ತಾ ಗೇಟು ನೋಡುತ್ತಾ ಕೂತೆವು. ಅವರು ಏನೋ ಹೇಳಲು ಬಾಯಿ ತೆರೆದ ಹಾಗಿತ್ತು, ಅಷ್ಟರಲ್ಲಿ ರೈಲು ಬಂತು.

ಮಹಾನುಭಾವ ಗೇಟಿಗೆ ಬಂದ. ಅಮ್ಮನ ಮುಖ ನೋಡುವ ಮೊದಲು ಕಾರಿನೊಳಗೆ ಕೈ ಹಾಕಿ ಗಾಳಿ ನೋಡಿದ. "ಪರವಾಗಿಲ್ವೇ! ಯಾರ ಹತ್ರ ಮಾಡಿಸ್ದೆ?" ಅಂದ. ಇದೇ ಮುಖ ನೋಡಬೇಕು ಅಂತಲೇ ಇಷ್ಟೆಲ್ಲಾ ಮಾಡಿದ್ದು. ನೋಡಿದ್ದಾಯಿತು. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ ಆ ಮುಖದಲ್ಲಿ.

ಅತ್ತೆ ಮೆಟ್ಟಿಲ ಹತ್ತಿರ ತಿರುಗಿ, "ಹುಷಾರಾಗಿ ಹೋಗು. ನಿಂತಾಗ ಆಫ್ ಮಾಡು" ಅಂದರು.

ಮೇ 12, ಸೋಮವಾರ

ಬರೆಯುವಂಥದ್ದೇನಿಲ್ಲ. ಮನೆ ಸ್ವಚ್ಛವಾಗಿದೆ.

ಮೇ 15, ಗುರುವಾರ

ಅವರ ಕೋಣೆಯ ಕಿಟಕಿ ಮುಚ್ಚಿದ್ದೆ. ತೆಗೆದೆ. ಧೂಳು ಬರುತ್ತದೆ, ಬರಲಿ.

ಮೇ 18, ಭಾನುವಾರ

ಸಂಜೆ ಕರೆಂಟು ಹೋಯಿತು. ಮೇಣದಬತ್ತಿ ಹುಡುಕಲು ಕೈಗೆ ಸಿಕ್ಕಿದ್ದು ನೀಲಿ ಟಾರ್ಚು. ಅದನ್ನೇ ಹಾಕಿಕೊಂಡು ಅಡುಗೆಮನೆಗೆ ಹೋದೆ. ನಲ್ಲಿಯ ಹಿಡಿಯ ಮೇಲೆ ಹಸಿರು. ಬೆರಳೊತ್ತಿದ ಗುರುತು.

ನನ್ನ ಕೈಯದ್ದಿರಬೇಕು ಅಂದುಕೊಂಡೆ. ಆದರೆ ನಾನು ಕೈಗವಸು ಬಿಚ್ಚದೆ ಏನನ್ನೂ ಮುಟ್ಟಿದವಳಲ್ಲ. ಟಾರ್ಚು ಆಡಿಸಿದೆ. ಹಿತ್ತಿಲ ಬಾಗಿಲ ಚಿಲಕದ ಮೇಲೆ ಹಸಿರು. ಅತ್ತೆಯ ಕೋಣೆಯ ಬಾಗಿಲ ಅಂಚಿನಲ್ಲಿ. ದಿಂಬಿನ ಚೀಲ ನೀಲಿಯಾಗಿ ಹೊಳೆಯಿತು, ಅದು ಬಟ್ಟೆಸೋಪಿನದ್ದು, ಅದರ ಮೂಲೆಯಲ್ಲಿ ಮಾತ್ರ ಹಸಿರು. ಕಿಟಕಿಯ ಕಟ್ಟೆಯ ಮೇಲೆ ಅವರು ಮರೆತು ಹೋದ ಹೇರ್‌ಪಿನ್ನು, ತುದಿಯಿಂದ ತುದಿಗೆ ಹಸಿರು.

ಪಿನ್ನು ಕೈಯಲ್ಲಿ ಹಿಡಿದುಕೊಂಡು ಅವರ ಮಂಚದ ಮೇಲೆ ಕೂತೆ. ಒತ್ತಿದ್ರೆ ಎಲ್ಲಾ ಹೋಗಿಬಿಡುತ್ತಾ ಅಂತ ಕೇಳಿದ್ದರು. ಹೆಬ್ಬೆರಳಿಗೆ ತಗಲಿದ್ದು ಟೀ ಪಾತ್ರೆ ಅಲ್ಲ. ಆ ಗ್ಯಾಸು ಹೊರಗೆ ಬರುವಾಗ ಎಷ್ಟು ತಣ್ಣಗಿರುತ್ತದೆ ಅಂದರೆ ಚರ್ಮ ಬೆಂದೇಹೋಗುತ್ತದೆ, ಡಬ್ಬದ ಮೇಲೆ ಬರೆದಿದೆ. ಈ ವಯಸ್ಸಿನಲ್ಲಿ, ಆ ಹೃದಯ ಇಟ್ಟುಕೊಂಡು, ಆ ಭಾರದ ಬಾನೆಟ್ಟನ್ನು ಒಬ್ಬರೇ ಎತ್ತಿ, ಈ ಪಿನ್ನಿನಿಂದ ಒತ್ತಿ, ಎರಡೆರಡು ಸಲ. ಮೊದಲ ದಿನ ಗುಂಡಿ ಆಫ್ ಮಾಡಿದ್ದು ಚಟವೋ, ಅದೂ ಬೇಕೆಂದೇ ಮಾಡಿದ್ದೋ, ದೇವರೇ ಬಲ್ಲ. ಕೊನೆಗೆ ನಾನು ಸ್ಪ್ಯಾನರಿನಲ್ಲಿ ಬಿಗಿದು ತೋರಿಸಿದೆ, ಜಂಬದಿಂದ. ಅವರು ತಿರುಗಿಸಿ ನೋಡಿ ಜಾಣೆ ಅಂದರು.

ಹೋಗಲ್ಲ ಅಂತ ಒಂದು ಮಾತು ಅನ್ನಬಾರದಿತ್ತೇ, ಈ ಮುದುಕಿ! ಅತ್ತುಬಿಟ್ಟೆ. ಅವನು ಬಿಟ್ಟು ಹೋದಾಗಲೂ ಹೀಗೆ ಅತ್ತಿರಲಿಲ್ಲ.

ಕರೆಂಟು ಬಂದ ಮೇಲೆ ಫೋನ್ ಮಾಡಿದೆ. ಮಹಾನುಭಾವ ಎತ್ತಿದ. "ಅಮ್ಮ ಆರಾಮಾಗಿದ್ದಾರೆ, ಏಸಿ ರೂಮು, ಹೊರಗೇ ಬರಲ್ಲ" ಅಂದ. ಅವರಿಗೆ ಕೊಡು ಅಂದೆ.

"ಹೆಬ್ಬೆಟ್ಟು ವಾಸಿ ಆಯ್ತಾ ಅತ್ತೆ?"

ಫೋನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ ಸದ್ದು ಕೇಳಿಸಿತು.

"ಆಯ್ತು."

"ನಿಮ್ಮ ಹೇರ್‌ಪಿನ್ನು ಇಲ್ಲೇ ಉಳಿದಿದೆ."

"ಇರ್ಲಿ ಬಿಡು." ಆಮೇಲೆ, "ಗಾಡಿ ಇನ್ನೂ ತಣ್ಣಗಿದೆಯಾ?"

"ಇದೆ."

"ಹಾಗಾದ್ರೆ ಸರಿ" ಅಂದರು. ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ನಾಳೆಯೇ ಬರ್ತೀನಿ, ಬ್ಯಾಗು ತುಂಬಿಡಿ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅವರು ಬಾ ಅನ್ನಲಿ ಅಂತ ಕಾದೆ. ಅವರೂ ಕಾಯುತ್ತಿದ್ದರು, ಅಷ್ಟು ಗೊತ್ತಾಗದಷ್ಟು ದಡ್ಡಿಯಲ್ಲ ನಾನು.

ಅಷ್ಟರಲ್ಲಿ ಅವನು ಫೋನ್ ತೆಗೆದುಕೊಂಡು, "ಇನ್ನೇನಾದ್ರೂ ಇದೆಯಾ?" ಅಂದ.

ಏನಿಲ್ಲ ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ, ಏನಿಲ್ಲ ಅಂದುಬಿಟ್ಟೆ.